ಕೊಲೆಗಾರ ಸಿಗದ ಕಾದಂಬರಿ

ಕಳೆದ ತಿಂಗಳ ಒಂದು ಭಾನುವಾರ ಸಂಜೆ ಗೂಡಲೂರಿನ ಬಸ್ ನಿಲ್ದಾಣದಲ್ಲಿ ಮಸಿನಗುಡಿಯ ಬಸ್ಸಿಗಾಗಿ ಕಾದು ನಿಂತಿದ್ದೆ. ಚಹಾ ತೋಟವೊಂದರಲ್ಲಿ ರೈಟರಾಗಿರುವ, ಬಹುಕಾಲದಿಂದ ಪರಿಚಿತರಾದ ಒಬ್ಬರು ಜನರ ನಡುವೆ ದಾರಿ ಮಾಡಿಕೊಂಡು ಬಂದು, ಹಳೆಯ ಪತ್ರಿಕೆಯಲ್ಲಿ ಸುತ್ತಿದ್ದ ಪುಸ್ತಕವೊಂದನ್ನು ನನ್ನ ಕೈಗಿತ್ತರು. ಅವರು ನನ್ನಿಂದಲೇ ಎರವಲು ಪಡೆದಿದ್ದ ಪುಸ್ತಕವದು. ಮುಖದಲ್ಲಿ ಸಂತೋಷವಿರಲಿಲ್ಲ.

"ಮೇಷ್ಟ್ರೇ, ಎರಡು ರಾತ್ರಿ ನಿದ್ದೆಗೆಟ್ಟು ಓದಿದೆ. ಕೊಲೆ ಮಾಡಿದವರು ಯಾರು ಅಂತ ನೀವಾದರೂ ಹೇಳಿಬಿಡಿ" ಎಂದರು.

"ಅದನ್ನು ನಾನೂ ಹೇಳಲಾರೆ" ಎಂದೆ.

"ಹಾಗಾದರೆ ಇದು ಮೋಸ ಅಲ್ಲವೇ? ಪತ್ತೇದಾರಿ ಕಾದಂಬರಿ ಇದ್ದ ಹಾಗೆ ಇದೆ ಅಂತ ಕೊಟ್ಟವರು ನೀವೇ."

ಅಷ್ಟರಲ್ಲಿ ಬಸ್ಸು ಬಂತು. ಉತ್ತರ ಹೇಳುವುದು ಉಳಿದುಹೋಯಿತು. ಅವರಿಗೆ ಸಲ್ಲಬೇಕಾದ ಆ ಉತ್ತರವನ್ನೇ ಈ ತಿಂಗಳ ಅಂಕಣವಾಗಿ ವಾಚಕರ ಮುಂದೆ ಇಡುತ್ತಿದ್ದೇನೆ. ನಮ್ಮ ಮನೆಗಳಲ್ಲಿ ಕನ್ನಡ ಪುಸ್ತಕವೊಂದು ದೊರೆಯಬೇಕಾದರೆ ಯಾರಾದರೂ ಗುಂಡ್ಲುಪೇಟೆಗೋ ಮೈಸೂರಿಗೋ ಹೋಗಿ ಬರಬೇಕು. ಹಾಗೆ ಬಂದ ಪುಸ್ತಕ ಹತ್ತು ಮನೆ ಸುತ್ತುತ್ತದೆ. ಆದ್ದರಿಂದ ಒಬ್ಬರಿಗಾದ ನಿರಾಶೆ ಒಬ್ಬರದಾಗಿಯೇ ಉಳಿಯುವುದಿಲ್ಲ.

ಆ ಪುಸ್ತಕ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ'. 1985ರಲ್ಲಿ ಪ್ರಕಟವಾಗಿ, 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಕಾದಂಬರಿ. ಮಲೆನಾಡಿನ ಕೆಸರೂರು ಎಂಬ ಕಲ್ಪಿತ ಊರಿನಲ್ಲಿ ಏಲಕ್ಕಿಯ ಸಂಶೋಧನೆಯಲ್ಲಿ ತೊಡಗಿದ್ದ ಜೋಗಿಹಾಳ್ ಎಂಬ ವಿಜ್ಞಾನಿ ಸಾಯುತ್ತಾರೆ. ಅದು ಸಹಜವಾದ ಸಾವೋ ಕೊಲೆಯೋ ಎಂಬ ಅನುಮಾನ. ಅತ್ತ ಏಲಕ್ಕಿಯ ಇಳುವರಿಯೂ ಕಾರಣ ತಿಳಿಯದಂತೆ ಕುಸಿಯುತ್ತಿದೆ. ವಿಚಾರಣೆಗಾಗಿ ಅಂಗಡಿ ಎಂಬ ಗುಪ್ತಚರ ಇಲಾಖೆಯ ಅಧಿಕಾರಿ ಊರಿಗೆ ಬರುತ್ತಾನೆ. ಪತ್ತೇದಾರಿ ಕಾದಂಬರಿಗೆ ಇದಕ್ಕಿಂತ ಒಳ್ಳೆಯ ಆರಂಭ ಬೇಕೆ? ಸತ್ತವರು ಒಬ್ಬರು, ಶೋಧಿಸುವವನು ಒಬ್ಬ, ಅನುಮಾನಕ್ಕೆ ಒಂದು ಇಡೀ ಊರು.

ನನ್ನ ಗೆಳೆಯರ ನಿರಾಶೆಯನ್ನು ನಾನು ಹಗುರವಾಗಿ ಕಾಣಲಾರೆ. ಏಕೆಂದರೆ ಅದೇ ನಿರಾಶೆಯನ್ನು ನಾನೂ ಉಂಡವನು. ನಮ್ಮ ಬಾಲ್ಯದಲ್ಲಿ ಓದೆಂದರೆ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದ ಆ ಲೇಖಕರು 1952ರಲ್ಲಿ 'ಪತ್ತೇದಾರ ಪುರುಷೋತ್ತಮನ ಸಾಹಸ'ದಿಂದ ತೊಡಗಿ ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. 2011ರಲ್ಲಿ ತೀರಿಕೊಂಡರು. ಅವರಿಗಿಂತ ಹಿರಿಯರಾದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಗಳಿಂದಲೇ ಮನೆಮಾತಾದವರು. ಇಂದು ನಾವು ಗಡಿಯಾಚೆ ನಿಂತು ಅಭಿಮಾನದಿಂದ ನೋಡುವ ಹಳದಿ ಕೆಂಪು ಬಾವುಟವನ್ನು ಕನ್ನಡಿಗರಿಗೆ ಕೊಟ್ಟವರೂ ಅವರೇ. ವಿದ್ವಾಂಸರು ಈ ಬರವಣಿಗೆಯನ್ನು ಸಾಹಿತ್ಯದ ಲೆಕ್ಕಕ್ಕೆ ಹಿಡಿಯದೆ ಹೋಗಿರಬಹುದು. ಆದರೆ ಎಷ್ಟೋ ಮಂದಿ ಅಕ್ಷರ ಕಲಿತ ಬಳಿಕ ಓದುವುದನ್ನು ಬಿಡದಂತೆ ನೋಡಿಕೊಂಡದ್ದು ಆ ತೆಳ್ಳನೆಯ ಪುಸ್ತಕಗಳು. ಒಬ್ಬ ಶಿಕ್ಷಕನಾಗಿ ಆ ಋಣವನ್ನು ನಾನು ಮರೆಯಲಾರೆ.

ಅಂತಹ ಓದಿನಿಂದ ಬಂದವನಿಗೆ ಶಿಕ್ಷಕ ತರಬೇತಿಯ ದಿನಗಳಲ್ಲಿ ಸಹಪಾಠಿಯೊಬ್ಬ 'ಚಿದಂಬರ ರಹಸ್ಯ'ವನ್ನು ಕೊಟ್ಟ. ಕೊನೆಯ ಪುಟ ಮುಗಿಸಿದಾಗ, ಹೊಟ್ಟೆ ತುಂಬ ಉಣಬಡಿಸುತ್ತೇವೆಂದು ಕರೆದು ಎಲೆ ಎತ್ತಿಬಿಟ್ಟಂತೆ ಅನಿಸಿತ್ತು. ಪುರುಷೋತ್ತಮನಾಗಿದ್ದರೆ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ, ಬೆರಳು ತೋರಿಸಿ, "ಇವನೇ" ಎಂದುಬಿಡುತ್ತಿದ್ದ ಎಂದುಕೊಂಡೆ. ಇಲ್ಲಿ ಹಾಗೆ ಬೆರಳು ತೋರಿಸುವ ಗಳಿಗೆಯೇ ಬರುವುದಿಲ್ಲ.

ಪತ್ತೇದಾರಿ ಕಥೆಗೂ ಒಂದು ಧರ್ಮವಿದೆ. 1841ರಲ್ಲಿ ಅಮೆರಿಕದ ಎಡ್ಗರ್ ಅಲನ್ ಪೋ ಈ ಬಗೆಯ ಕಥೆಗೆ ನಾಂದಿ ಹಾಡಿದ. 1887ರಲ್ಲಿ ಕಾನನ್ ಡಾಯ್ಲನ ಷರ್ಲಾಕ್ ಹೋಮ್ಸ್ ಕಾಣಿಸಿಕೊಂಡ. ಮುಂದೆ 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಇಂಗ್ಲೆಂಡಿನ ಪಾದ್ರಿ, ಸ್ವತಃ ಪತ್ತೇದಾರಿ ಲೇಖಕ, ಈ ಕಥೆಗಳಿಗೆ ಹತ್ತು ಕಟ್ಟಳೆಗಳನ್ನು ವಿಧಿಸಿದ. ಅಪರಾಧಿಯು ಕಥೆಯ ಮೊದಲ ಭಾಗದಲ್ಲಿಯೇ ಕಾಣಿಸಿಕೊಂಡಿರಬೇಕು. ದೈವ, ಪಿಶಾಚಿಗಳಿಂದ ಗಂಟು ಬಿಡಿಸಬಾರದು. ಆಕಸ್ಮಿಕವು ಪತ್ತೇದಾರನಿಗೆ ನೆರವಾಗಬಾರದು. ಅವನಿಗೆ ಸಿಕ್ಕ ಸುಳಿವು ಓದುಗನಿಗೂ ಆ ಕೂಡಲೇ ಸಿಗಬೇಕು. ಇದು ಓದುಗನಿಗೂ ಲೇಖಕನಿಗೂ ನಡುವಿನ ನ್ಯಾಯವಾದ ಆಟ.

ನಾಕ್ಸನ ಐದನೆಯ ಕಟ್ಟಳೆ ವಿಚಿತ್ರವಾದುದು. ಕಥೆಯಲ್ಲಿ ಚೀನೀಯನಿರಬಾರದು ಎಂದು ಅದು ಹೇಳುತ್ತದೆ. ಇದನ್ನು ಓದಿದವರು ಹುಬ್ಬೇರಿಸಬಹುದು. ಆದರೆ ಆ ಕಾಲದ ಅಗ್ಗದ ಇಂಗ್ಲಿಷ್ ಕಥೆಗಳಲ್ಲಿ ಪರದೇಶದ ಮುಖವೊಂದು ಕಂಡರೆ ಸಾಕು, ದುಷ್ಟ ಅವನೇ ಎಂದು ಓದುಗರು ಊಹಿಸಿಬಿಡುತ್ತಿದ್ದರು. ಸವೆದುಹೋದ ಆ ಸುಲಭೋಪಾಯವನ್ನು ನಾಕ್ಸ್ ಲೇವಡಿ ಮಾಡಿದನೆಂದೇ ನಾನು ತಿಳಿಯುತ್ತೇನೆ. ನಮಗೂ ಚೀನೀಯರು ಅಪರಿಚಿತರಲ್ಲ. ಬ್ರಿಟಿಷರ ಕಾಲದಲ್ಲಿ ನಡುವಟ್ಟಂನ ಸೆರೆಮನೆಯಲ್ಲಿಟ್ಟಿದ್ದ ಚೀನೀ ಕೈದಿಗಳನ್ನು ಸಿಂಕೋನಾ ತೋಟಗಳಲ್ಲಿ ದುಡಿಸಿಕೊಂಡರು. ಬಿಡುಗಡೆಯ ಬಳಿಕ ಕೆಲವರು ಅಲ್ಲಿಯೇ ಸಂಸಾರ ಹೂಡಿದರು. ಊಟಿಯಿಂದ ಗೂಡಲೂರಿಗೆ ಇಳಿಯುವಾಗಲೆಲ್ಲ ಆ ಐದನೆಯ ಕಟ್ಟಳೆ ನನ್ನ ನೆನಪಿಗೆ ಬರುತ್ತದೆ. ಹೊರಗಿನವನ ಮೇಲೆ ತಪ್ಪು ಹೊರಿಸಿದರೆ ಕಥೆ ಬೇಗ ಮುಗಿಯುತ್ತದೆ, ಊರೂ ನೆಮ್ಮದಿಯಾಗಿ ಮಲಗುತ್ತದೆ.

ಕೊಲೆಯ ಕಾದಂಬರಿ ಓದುವಾಗ ನಾವು ಕೊಲೆಗಾರನ ಹೆಸರನ್ನಷ್ಟೇ ಕೇಳುವುದಿಲ್ಲ, ಉಳಿದವರೆಲ್ಲರೂ ನಿರಪರಾಧಿಗಳು ಎಂಬ ಅಭಯವನ್ನೂ ಬೇಡುತ್ತೇವೆ. ಒಬ್ಬನ ಕೈಗೆ ಬೇಡಿ ಬಿದ್ದೊಡನೆ ಮಿಕ್ಕ ಊರು ತೊಳೆದಿಟ್ಟ ಪಾತ್ರೆಯಂತೆ ಶುಭ್ರವಾಗುತ್ತದೆ. ಪುಸ್ತಕದಲ್ಲಿ ಇದರಿಂದ ಯಾರಿಗೂ ಕೇಡಿಲ್ಲ. ಊರಿನಲ್ಲಿ ಹಾಗಲ್ಲ.

ನಮ್ಮ ಬೆಟ್ಟಗಳ ಇತಿಹಾಸದಲ್ಲಿಯೇ ಇದಕ್ಕೆ ಸಾಕ್ಷಿಯಿದೆ. 1908ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಎಂಬ ಅಧಿಕಾರಿ ಸಿದ್ಧಪಡಿಸಿದ ನೀಲಗಿರಿಯ ಗೆಜೆಟಿಯರಿನಲ್ಲಿ ಕುರುಂಬರ ಕೊಲೆಗಳ ವಿಷಯ ಬರುತ್ತದೆ. ಊರಿನಲ್ಲಿ ರೋಗ ಬಂದರೆ, ದನ ಸತ್ತರೆ, ಎಳೆಯ ಮಗು ತೀರಿಕೊಂಡರೆ, ಕಾರಣ ಹುಡುಕುವ ಶ್ರಮ ಬೇಕಿರಲಿಲ್ಲ. ಕಾಡಂಚಿನ ಕುರುಂಬನ ಮಾಟವೇ ಕಾರಣವೆಂದು ಮೊದಲೇ ತೀರ್ಮಾನವಾಗಿರುತ್ತಿತ್ತು. 1835ರಲ್ಲಿಯೂ, ಮತ್ತೆ 1870 ಮತ್ತು 1880ರ ದಶಕಗಳಲ್ಲಿಯೂ ಹೀಗೆ ಹಲವು ಕುರುಂಬರು ಹತರಾದರು. 1900ರಲ್ಲಿ ಬಡಗರ ಹಟ್ಟಿಯೊಂದಕ್ಕೆ ರೋಗವನ್ನೂ ಸಾವನ್ನೂ ತಂದನೆಂಬ ಅನುಮಾನದಿಂದ ಒಬ್ಬ ಕುರುಂಬ ವೈದ್ಯನನ್ನು ಕುಟುಂಬಸಹಿತ ಕೊಂದರು. ಸುತ್ತಿನ ಸೀಮೆಯ ಸಹಾನುಭೂತಿಯೆಲ್ಲ ಕೊಂದವರ ಕಡೆಗೇ ಇದ್ದುದರಿಂದ ಪತ್ತೆಕಾರ್ಯ ಬಹಳ ಕಷ್ಟವಾಯಿತೆಂದೂ, ಆಪಾದಿತರು ಬಿಡುಗಡೆ ಹೊಂದಿದರೆಂದೂ ದಾಖಲೆ ಹೇಳುತ್ತದೆ.

ಇದನ್ನು ಯಾವ ಜನಾಂಗದ ಮೇಲೂ ದೂರಾಗಿ ಬರೆಯುತ್ತಿಲ್ಲ. ಹೆದರಿದ ಊರು ಎಲ್ಲಿದ್ದರೂ ಹೀಗೆಯೇ ನಡೆದುಕೊಂಡಿದೆ. ಯೂರೋಪಿನಲ್ಲಿ ಮಾಟಗಾತಿಯರೆಂದು ಸಾವಿರಾರು ಹೆಂಗಸರನ್ನು ಕೊಂದದ್ದೂ ಇದೇ ಭಯದಿಂದ. ನಾನು ಹೇಳಬೇಕಾದುದು ಇಷ್ಟೆ: ಅಲ್ಲಿ ಕೊಲೆಗಾರ ಯಾರೆಂಬುದು ಊರಿಗೆಲ್ಲ ತಿಳಿದಿತ್ತು. ಆದ್ದರಿಂದಲೇ ಪತ್ತೆಯಾಗಲಿಲ್ಲ. ಸಣ್ಣ ಊರಿನಲ್ಲಿ ರಹಸ್ಯವೆಂದರೆ ಯಾರಿಗೂ ತಿಳಿಯದ್ದು ಎಂದೇನೂ ಅಲ್ಲ. ಎಲ್ಲರಿಗೂ ತಿಳಿದು ಯಾರೂ ಹೇಳದ್ದೂ ರಹಸ್ಯವೇ.

ಇನ್ನು ನನ್ನದೇ ಒಂದು ತಪ್ಪನ್ನು ಹೇಳಬೇಕು. ಅದನ್ನು ಹೇಳದೆ ಮುಂದುವರಿದರೆ ಈ ಬರವಣಿಗೆ ಬರಿಯ ಉಪದೇಶವಾದೀತು.

ನೌಕರಿಗೆ ಸೇರಿದ ಎರಡನೆಯ ವರ್ಷ. ಮಕ್ಕಳ ಪ್ರವಾಸಕ್ಕೆಂದು ಸಂಗ್ರಹಿಸಿದ್ದ 180 ರೂಪಾಯಿ ಕಾಣೆಯಾಯಿತು. ನನ್ನೊಳಗಿನ ಪುರುಷೋತ್ತಮ ಎದ್ದು ನಿಂತ. ಆ ದಿನ ಕಾಡಂಚಿನ ಹಾಡಿಯಿಂದ ಬರುವ ಹುಡುಗನೊಬ್ಬ ತಡವಾಗಿ ಬಂದಿದ್ದ. ಆಟದ ಬಿಡುವಿನಲ್ಲಿ ಅವನೊಬ್ಬನೇ ತರಗತಿಯಲ್ಲಿದ್ದ. ಏಕೆಂದು ಕೇಳಿದರೆ ಒಮ್ಮೆ ಹೊಟ್ಟೆನೋವು ಎಂದ, ಒಮ್ಮೆ ಸುಮ್ಮನೆ ಎಂದ. ಸುಳಿವುಗಳೆಲ್ಲ ಒಂದಕ್ಕೊಂದು ಸರಿಯಾಗಿ ಕೂಡಿಕೊಂಡವು. ಇತರ ಮಕ್ಕಳೂ ಅವನ ಹೆಸರನ್ನೇ ಹೇಳಿದರು. ತರಗತಿಯ ಎದುರಿನಲ್ಲಿ ಅವನ ಚೀಲವನ್ನು ಮೇಜಿನ ಮೇಲೆ ಸುರಿಸಿದೆ. ಒಂದು ಸ್ಲೇಟು, ಎರಡು ಪುಸ್ತಕ, ಬಟ್ಟೆಯಲ್ಲಿ ಕಟ್ಟಿದ್ದ ಬೇಯಿಸಿದ ಗೆಣಸು. ಬಿಡುವಿನಲ್ಲಿ ಒಳಗೆ ಉಳಿದದ್ದು ಬಹುಶಃ ಅದನ್ನು ಯಾರ ಕಣ್ಣಿಗೂ ಬೀಳದಂತೆ ತಿನ್ನುವುದಕ್ಕಾಗಿ. ಅದು ಆಗ ನನಗೆ ಹೊಳೆಯಲಿಲ್ಲ.

ಮೂರು ದಿನಗಳ ಬಳಿಕ ಹಾಜರಿ ಪುಸ್ತಕಕ್ಕೆ ಹೊದಿಸಿದ್ದ ಕಾಗದದ ಮಡಿಕೆಯಲ್ಲಿ ಹಣ ದೊರಕಿತು. ಭದ್ರವಾಗಿರಲೆಂದು ನಾನೇ ಅಲ್ಲಿ ಇಟ್ಟು ಮರೆತಿದ್ದೆ. ತರಗತಿಯಲ್ಲಿ ನಿಂತು ತಪ್ಪು ನನ್ನದೆಂದು ಹೇಳಿದೆ. ಕೇಳಬೇಕಾದವನು ಅಲ್ಲಿರಲಿಲ್ಲ. ಹಾಡಿಗೆ ಹೋದೆ. ಅವನ ತಾಯಿ ಚಾಪೆ ಹಾಸಿ ಕೂರಿಸಿದಳು, ಕರಿಕಾಫಿ ಕೊಟ್ಟಳು. ಹುಡುಗ ಹೊರಗೆ ಬರಲಿಲ್ಲ. ಮತ್ತೆರಡು ಸಲ ಹೋದೆ. ಅವನು ಶಾಲೆಗೆ ಮರಳಲಿಲ್ಲ.

ಆ ಬಳಿಕ 'ಚಿದಂಬರ ರಹಸ್ಯ'ವನ್ನು ಮತ್ತೆ ತೆಗೆದು ಓದಿದೆ. ಪುಸ್ತಕ ಬದಲಾಗಿರಲಿಲ್ಲ. ಆದರೆ ಬೆರಳು ತೋರಿಸದೆ ಹಿಂಜರಿಯುವ ಅದರ ರೀತಿ ಈ ಸಲ ನನಗೆ ಮೋಸವೆನಿಸಲಿಲ್ಲ.

ಅಂಗಡಿ ಒಂದು ಸಾವಿನ ಜಾಡು ಹಿಡಿದು ಬರುತ್ತಾನೆ. ಆ ಜಾಡು ಅವನನ್ನು ಇಡೀ ಊರಿನ ಒಳಗೆಲ್ಲ ಸುತ್ತಿಸುತ್ತದೆ. ಅಲ್ಲಿ ಜಾತಿಯ ಕಟ್ಟುಗಳಿವೆ, ಹಿಂದೂ ಮುಸಲ್ಮಾನರ ನಡುವಿನ ಮಸಲತ್ತುಗಳಿವೆ, ಮರದ ಕಳ್ಳಸಾಗಣೆಯಿದೆ, ಕ್ರಾಂತಿಯ ಮಾತನಾಡುವ ಕಾಲೇಜು ಹುಡುಗರಿದ್ದಾರೆ, ಊರಿನ ಯಾವ ಲೆಕ್ಕಕ್ಕೂ ಸಿಗದೆ ಪ್ರೀತಿಸುವ ರಫಿ ಮತ್ತು ಜಯಂತಿ ಇದ್ದಾರೆ. ಜೋಗಿಹಾಳರನ್ನು ಕೊಂದವರು ಯಾರು ಎಂದು ತೊಡಗಿದ ಪ್ರಶ್ನೆ, ಈ ಊರನ್ನು ಕೊಲ್ಲುತ್ತಿರುವುದು ಯಾವುದು ಎಂಬ ಪ್ರಶ್ನೆಯಾಗುತ್ತದೆ. ಏಲಕ್ಕಿಯ ಬುಡದಲ್ಲಿ ಹುಡುಕುತ್ತಿದ್ದ ರೋಗ ಮನುಷ್ಯರಲ್ಲಿಯೂ ಕಾಣತೊಡಗುತ್ತದೆ.

ಈ ಏಲಕ್ಕಿಯ ಮಾತು ಗೂಡಲೂರಿನ ಕಡೆಯವರಿಗೆ ದೂರದ್ದಲ್ಲ. ಮಲೆನಾಡಿನ ಏಲಕ್ಕಿಗೆ ಬರುವ ಕಟ್ಟೆ ರೋಗದ ಹೆಸರನ್ನು ಬೆಳೆಗಾರರೆಲ್ಲ ಬಲ್ಲರು. ಹಾಗೆಯೇ ವೈರಸ್ಸಿನಿಂದ ಬರುವ ಏಲಕ್ಕಿಯ ಇನ್ನೊಂದು ರೋಗಕ್ಕೆ ವಿಜ್ಞಾನಿಗಳು ನಮ್ಮ ನೀಲಗಿರಿಯ ಹೆಸರನ್ನೇ ಇಟ್ಟಿದ್ದಾರೆ. ಕೆಸರೂರು ಕಲ್ಪಿತ ಊರೇ ಸರಿ. ಆದರೂ ಅದರ ಚಹಾದಂಗಡಿಯಲ್ಲಿ ಕುಳಿತವರನ್ನು ನಾವು ಎಲ್ಲೋ ಕಂಡಿದ್ದೇವೆ ಎನಿಸುತ್ತದೆ. 1938ರಲ್ಲಿ ಹುಟ್ಟಿ 2007ರಲ್ಲಿ ನಿಧನರಾದ ತೇಜಸ್ವಿಯವರು ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡು ಬಾಳಿದವರು. ಊರನ್ನು ಪ್ರವಾಸಿಯಂತೆ ಕಂಡು ಬರೆದವರಲ್ಲ. ಮಂಜು, ಬಂಗಲೆ, ಯೂಕಲಿಪ್ಟಸ್ ಮರ ಇಷ್ಟನ್ನೇ ಇಟ್ಟುಕೊಂಡು ಊಟಿಯಲ್ಲಿ ಕೊಲೆ ಮಾಡಿಸುವ ಕಥೆಗಳಿಗೂ ಇದಕ್ಕೂ ಇರುವ ಅಂತರ ಇದೇ.

ಹೆಸರಿನಲ್ಲಿಯೇ ಲೇಖಕರು ಎಚ್ಚರಿಕೆ ಕೊಟ್ಟಿದ್ದರೆಂದೂ ಹೇಳಬಹುದು. ತಮಿಳುನಾಡಿನಲ್ಲಿ ವಾಸಿಸುವ ನಮ್ಮಲ್ಲಿ ಹಲವರು ಚಿದಂಬರಕ್ಕೆ ಹೋಗಿ ಬಂದವರು. ನಟರಾಜನ ಪಕ್ಕದಲ್ಲಿ ಒಂದು ತೆರೆಯಿದೆ. ಅದನ್ನು ಸರಿಸಿದಾಗ ಕಾಣುವುದು ಚಿನ್ನದ ಬಿಲ್ವದೆಲೆಗಳ ಸರ, ಅದರ ಹಿಂದೆ ಬರಿಯ ಬಯಲು. ವಿಗ್ರಹವಿಲ್ಲ. ಭಕ್ತರು ಅದನ್ನು ಕಂಡು ಮೋಸಹೋದೆವೆಂದು ಹಿಂದಿರುಗುವುದಿಲ್ಲ. ಆಕಾಶವೇ ಅಲ್ಲಿ ಲಿಂಗವೆಂದು ಕೈಮುಗಿಯುತ್ತಾರೆ.

ಹಾಗೆಂದು ಕಾದಂಬರಿಯಲ್ಲಿ ಕೊರತೆಯೇ ಇಲ್ಲವೆಂದು ನಾನು ವಾದಿಸುವುದಿಲ್ಲ. ರೈಟರು ಕೇಳಿದ್ದರಲ್ಲಿ ಅರ್ಧ ನ್ಯಾಯವಿದೆ. ಎತ್ತಿಕೊಂಡ ಎಳೆಗಳು ಬಹಳ, ಗಂಟು ಹಾಕಿದವು ಕಡಿಮೆ. ಕೆಲವು ಪಾತ್ರಗಳು ನಗಿಸಿ ಮರೆಯಾಗುತ್ತವೆ. ಕಡೆಯಲ್ಲಿ ಕಾಡ್ಗಿಚ್ಚು ಬಂದು ಕೆಸರೂರನ್ನೇ ಆವರಿಸುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಅದರ ಹೊಗೆಯನ್ನು ಕಂಡ ನಮಗೆ ಅಂತಹ ಬೆಂಕಿ ಕಟ್ಟುಕಥೆಯಲ್ಲವೆಂದು ಗೊತ್ತು. ಆದರೂ ಲೇಖಕನ ಕೈಯಲ್ಲಿ ಬೆಂಕಿ ಒಂದು ಅನುಕೂಲವೂ ಹೌದು. ಉತ್ತರಿಸಬೇಕಾಗಿದ್ದ ಪ್ರಶ್ನೆಗಳೂ ಅದರಲ್ಲಿ ಸುಟ್ಟುಹೋಗುತ್ತವೆ. ಈ ಆಕ್ಷೇಪವನ್ನು ನಾನು ಇಂದಿಗೂ ಬಿಟ್ಟುಕೊಟ್ಟಿಲ್ಲ. ಪತ್ತೇದಾರಿ ಕಾದಂಬರಿಯೆಂದು ಅಂಕ ಕೊಡಬೇಕಾದರೆ ಉತ್ತೀರ್ಣವಾಗುವಷ್ಟು ಕೊಡುವುದೇ ಕಷ್ಟ. ಊರಿನ ಕಾದಂಬರಿಯೆಂದು ಓದಿದರೆ ಅದಕ್ಕೆ ಸಮನಾದವು ಕನ್ನಡದಲ್ಲಿ ಹೆಚ್ಚಿಲ್ಲ.

ಇಲ್ಲಿ ನಮ್ಮ ಜಿಲ್ಲೆಯಲ್ಲಿಯೇ ನಡೆದ ಒಂದು ಸಂಗತಿಯನ್ನು ನೆನೆಯಬೇಕು. 2017ರ ಏಪ್ರಿಲಿನಲ್ಲಿ ಕೋತಗಿರಿಯ ಬಳಿಯ ಕೊಡನಾಡಿನ ತೋಟದ ಬಂಗಲೆಗೆ ಕಳ್ಳರು ನುಗ್ಗಿದರು. ಒಬ್ಬ ಕಾವಲುಗಾರ ಹತನಾದ. ಪ್ರಕರಣದೊಡನೆ ಸಂಬಂಧವಿದ್ದ ಮತ್ತೆ ಕೆಲವರು ಅದೇ ವರ್ಷ ಬೇರೆ ಬೇರೆ ರೀತಿಯಲ್ಲಿ ಸತ್ತರು. 2022ರಲ್ಲಿ ತನಿಖೆಯು ಸಿ.ಬಿ.-ಸಿ.ಐ.ಡಿ.ಗೆ ವರ್ಗವಾಯಿತು. ಆ ಬಂಗಲೆ ಯಾರದಾಗಿತ್ತೆಂಬ ಕಾರಣದಿಂದ ಇಡೀ ರಾಜ್ಯವೇ ಅದರ ಬಗ್ಗೆ ಮಾತನಾಡಿತು. ನಮ್ಮ ಚಹಾದಂಗಡಿಗಳಲ್ಲಿ ಒಬ್ಬೊಬ್ಬರೂ ಒಂದೊಂದು ಸಿದ್ಧಾಂತ ಹೇಳುವವರೇ. ದೊಡ್ಡವರ ಹೆಸರುಗಳೆಲ್ಲ ಆ ಮಾತಿನಲ್ಲಿ ಬಂದುಹೋಗುತ್ತವೆ. ಸತ್ತ ಕಾವಲುಗಾರ ನೇಪಾಳದಿಂದ ದುಡಿಮೆಗೆಂದು ಬಂದಿದ್ದವನು. ಅವನ ಮನೆಯವರು ಏನಾದರೆಂದು ಕೇಳಿದವರನ್ನು ನಾನು ಕಾಣಲಿಲ್ಲ. ನಾನೂ ಕೇಳಿದವನಲ್ಲ. ರಹಸ್ಯದ ರುಚಿ ಹತ್ತಿದ ಮೇಲೆ ಸತ್ತವನೇ ಮರೆತುಹೋಗುತ್ತಾನೆ. ಇದು ಪತ್ತೇದಾರಿ ಕಥೆಗಳ ಓದು ನಮಗೆ ಕಲಿಸಿದ ಒಂದು ಕೆಟ್ಟ ಅಭ್ಯಾಸವಿರಬಹುದು.

ಪತ್ತೆಯಾಗುವುದು ಬೇಡವೆಂದು ಇದರ ಅರ್ಥವಲ್ಲ. ನ್ಯಾಯಾಲಯಕ್ಕೆ ಕೊಲೆಗಾರ ಬೇಕೇ ಬೇಕು. ಸಾಕ್ಷಿ, ಪುರಾವೆ, ತೀರ್ಪು ಎಲ್ಲವೂ ಬೇಕು. 1900ರ ಆ ಕುರುಂಬ ಕುಟುಂಬಕ್ಕೆ ಸಲ್ಲದೆಹೋದದ್ದು ಅದೇ. ಆದರೆ ಸಾಕ್ಷಿಗೆ ಮೊದಲೇ ಹೆಸರು ಸಿದ್ಧವಾಗಿರುವ ಊರಿನಲ್ಲಿ ಪತ್ತೇದಾರನೂ ಊರಿನ ಕೈಗೂಸಾಗುತ್ತಾನೆ. ಅಂತಹ ಊರಿಗೆ ಬೇಗನೆ ಸಿಕ್ಕಿದ ಉತ್ತರಕ್ಕಿಂತ ಸಿಗದೆ ಉಳಿದ ಉತ್ತರ ಕ್ಷೇಮ. ಕಡೆಯ ಪಕ್ಷ, ಸಿಗದೆ ಉಳಿದ ಉತ್ತರ ಯಾರ ಚೀಲವನ್ನೂ ಮೇಜಿನ ಮೇಲೆ ಸುರಿಸುವುದಿಲ್ಲ.

ಮನೆಯಲ್ಲಿ ಪ್ರೌಢಶಾಲೆ ದಾಟಿದ ಮಕ್ಕಳಿರುವ ವಾಚಕರಿಗೆ ನನ್ನದೊಂದು ಸೂಚನೆ. ಮೊದಲು 1980ರ 'ಕರ್ವಾಲೊ' ಓದಲಿ, ಹಾರುವ ಓತಿಯ ಬೆನ್ನು ಹತ್ತಿದ ಆ ಕಥೆ ಎಲ್ಲರಿಗೂ ಪ್ರಿಯವಾಗುತ್ತದೆ. ಬಳಿಕ 'ಚಿದಂಬರ ರಹಸ್ಯ'ವನ್ನು ಕೈಗಿತ್ತು, ಮುಗಿಸಿದ ಮೇಲೆ ಕೊಲೆಗಾರ ಯಾರೆಂದು ಕೇಳಬೇಡಿ. ಕೆಸರೂರಿನಲ್ಲಿ ಯಾವ ಮಾತನ್ನು ಯಾರೂ ಆಡಲಿಲ್ಲ ಎಂದು ಕೇಳಿ. ಅವರು ಹೇಳುವ ಉತ್ತರದಲ್ಲಿ ನಮ್ಮ ಊರಿನ ಸಂಗತಿಯೂ ಒಂದೆರಡು ಬಂದರೆ ಗದರಿಸದೆ ಕೇಳಿಸಿಕೊಳ್ಳಿ.

ರೈಟರಿಗೆ ಈ ಸಂಚಿಕೆಯ ಒಂದು ಪ್ರತಿಯನ್ನು ನಾನೇ ಕೊಂಡುಹೋಗಿ ಕೊಡುವವನಿದ್ದೇನೆ. ಅದರ ಜೊತೆಗೆ ತೇಜಸ್ವಿಯವರ 1994ರ 'ಜುಗಾರಿ ಕ್ರಾಸ್' ಕೂಡ. ಅದರಲ್ಲಿ ಏಲಕ್ಕಿ ಮಾರಲು ಹೊರಟ ಗಂಡಹೆಂಡಿರಿದ್ದಾರೆ, ಕಾಡಿದೆ, ರೈಲಿದೆ, ಬೆನ್ನಟ್ಟುವ ದುಷ್ಟರಿದ್ದಾರೆ. ಓಟ ಜೋರಾಗಿಯೇ ಇದೆ. ಪತ್ತೇದಾರಿ ಕಾದಂಬರಿ ಇದ್ದ ಹಾಗೆ ಇದೆ ಎಂದು ಮಾತ್ರ ಈ ಸಲ ಹೇಳಲಾರೆ.